ಎಣ್ಣೆಯ ಮುಳ್ಳು ನೋಡುತ್ತಿದ್ದ ಭಾವನಿಗೆ

ಭಾವ,

ನೀನಿದ್ದಾಗ ನಿನಗೆ ಒಂದು ಸಾಲು ಬರೆದವನಲ್ಲ ನಾನು. ಬರೆಯುವುದಕ್ಕೆ ನಾವು ದೂರ ಇದ್ದದ್ದಾದರೂ ಯಾವಾಗ? ಬೆಳಿಗ್ಗೆ ಎದ್ದರೆ ಒಂದೇ ಬೋರ್ ಲಾರಿ, ಮಧ್ಯಾಹ್ನ ಒಂದೇ ಬುತ್ತಿ, ಸಂಜೆ ಅಕ್ಕನ ಬೈಗುಳವೂ ಇಬ್ಬರಿಗೂ ಸೇರಿಸಿ ಒಂದೇ. ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಈ ಮಾತನ್ನು ನಿನ್ನ ಫೋಟೋದ ಮುಂದೆ ನಿಂತು ಹೇಳಬೇಕೆಂದು ಹೋಗಿ ಸುಮ್ಮನೆ ವಾಪಸ್ ಬಂದಿದ್ದೇನೆ. ಫೋಟೋದಲ್ಲಿ ನೀನು ನಗುತ್ತಿದ್ದೀಯ. ಆ ನಗುವಿನ ಎದುರು ನಿಲ್ಲುವ ಮುಖ ನನಗಿಲ್ಲ. ಇದು ಗುಟ್ಟಿನ ವಿಷಯವೇನೂ ಅಲ್ಲ. ಹಿಂದೂಪುರದಲ್ಲಿ ಗೊತ್ತಿಲ್ಲದವರಿಲ್ಲ, ಟೀ ಅಂಗಡಿಯಲ್ಲಿ ನನ್ನನ್ನು ಕಂಡರೆ ಎರಡೂ ಕೈ ಚಾಚಿ ರೆಕ್ಕೆ ಮಾಡಿ ತೋರಿಸುತ್ತಾರೆ. ಗೊತ್ತಿಲ್ಲದವನು ನೀನೊಬ್ಬನೇ.

ಚಿಲಮತ್ತೂರು ದಾಟಿ ಆಂಧ್ರದ ಗಡಿಯಾಚೆ ಇರುವ ಆ ಫ್ಲೈಯಿಂಗ್ ಕ್ಲಬ್ಬಿಗೆ ನಾವು ಮೊದಲ ಸಲ ಹೋದದ್ದು ವಿಮಾನ ನೋಡಲು ಅಲ್ಲ, ಬೋರ್ ಕೊರೆಯಲು. ಅವರ ಹಳೆಯ ಬೋರ್ ಬತ್ತಿತ್ತು. ನಮ್ಮ ಕೆಲಸದ ರೀತಿ ನಿನಗೆ ಹೇಳಬೇಕೇ? ಲಾರಿ ನನ್ನದು, ಕಂಪ್ರೆಸರ್ ನಿನ್ನದು. ಲಾರಿಯನ್ನು ಜಾಗಕ್ಕೆ ತಂದು ನಿಲ್ಲಿಸಿದರೆ ನನ್ನ ಕೆಲಸ ಮುಗಿಯಿತು, ನಾನು ನೆರಳು ಹುಡುಕಿಕೊಂಡು ಹೊರಡುತ್ತಿದ್ದೆ. ನೀನು ಹೆಗಲ ಮೇಲೆ ಎಣ್ಣೆ ಒರೆಸುವ ಬಟ್ಟೆ ಹಾಕಿಕೊಂಡು, ಕಂಪ್ರೆಸರಿನ ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತರೆ ನೀರು ಬೀಳುವ ತನಕ ಕದಲುತ್ತಿರಲಿಲ್ಲ. ಅವತ್ತು ನೀರು ಚೆನ್ನಾಗಿಯೇ ಬಿತ್ತು. ಆ ಖುಷಿಯಲ್ಲಿ ಕ್ಲಬ್ಬಿನ ಮುಖ್ಯ ಶಿಕ್ಷಕಿ, ನಾವು ಆಮೇಲೆ ಕ್ಯಾಪ್ಟನ್ ಮೇಡಂ ಎಂದು ಕರೆದವರು, ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಆ ಎರಡು ಸೀಟಿನ ವಿಮಾನದಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು. ಇಳಿದ ಮೇಲೂ ನನ್ನ ಕಾಲು ನೆಲದ ಮೇಲಿರಲಿಲ್ಲ. "ಹಿಂದೂಪುರ ಕಾಣ್ತು ಕಣ್ ಬಾವ! ನಮ್ ಬೀದಿ ಕಾಣ್ತು!" ಎಂದು ಕೂಗಾಡುತ್ತಿದ್ದೆ. ನೀನು ನನ್ನ ಕಡೆ ತಿರುಗಲೂ ಇಲ್ಲ. "ಮೇಡಂ, ಆ ಇಂಜಿನ್ ಮುಚ್ಚಳ ಒಂದ್ಸಲ ತೆಗೀತೀರಾ? ನೋಡ್ಬುಟ್ಟು ಹೋಯ್ತೀನಿ" ಅಂದೆ.

ನಲವತ್ತು ದಾಟಿದ ಮೇಲೆ ಪೈಲಟ್ ಲೈಸೆನ್ಸಿಗೆ ಸೇರಿದ ಬೋರ್‌ವೆಲ್ಲಿನವರು ನಾವಿಬ್ಬರೇ ಇರಬೇಕು. ಅಕ್ಕ "ಹುಚ್ಚು ಮುಂಡೇವು" ಎಂದು ಬೈದಳು, ಬುತ್ತಿ ಮಾತ್ರ ಕಟ್ಟಿಕೊಟ್ಟಳು. ಕ್ಲಾಸಿನಲ್ಲಿ ನೀನು ಮೇಡಂ ಜೊತೆ ಜಗಳಕ್ಕೆ ನಿಂತ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನ ಪಾಠ ವಿಮಾನದ ಕೆಂಪು ನಾಬಿನದು. ಅದನ್ನು ಒಳಕ್ಕೆ ನೂಕಿದರೆ ಇಂಜಿನ್ನಿಗೆ ಹೋಗುವ ಗಾಳಿಯಲ್ಲಿ ಪೆಟ್ರೋಲ್ ಹೆಚ್ಚು ಬೆರೆಯುತ್ತದೆ, ಹೊರಕ್ಕೆ ಎಳೆದರೆ ಕಮ್ಮಿ ಬೆರೆಯುತ್ತದೆ, ಪೂರ್ತಿ ಎಳೆದರೆ ಇಂಜಿನ್ ನಿಂತೇ ಹೋಗುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಆದ್ದರಿಂದ ಪೆಟ್ರೋಲನ್ನೂ ಕಮ್ಮಿ ಮಾಡಬೇಕು. ಕೆಳಗೆ ಬರುವಾಗ ಮತ್ತೆ ಕೊಡಬೇಕು. ಅಲ್ಲಿಯವರೆಗೆ ನೀನು ತಲೆಯಾಡಿಸಿದೆ. ಏರುವಾಗ ಇಂಜಿನ್ ಎಣ್ಣೆ ಬಿಸಿಯಾಗಿ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ಹೊರಟರೆ ವಿಮಾನದ ಮೂಗು ತಗ್ಗಿಸಿ, ನಾಬನ್ನು ಒಳಕ್ಕೆ ನೂಕಿ ಎಂದು ಮೇಡಂ ಹೇಳಿದ ಕೂಡಲೇ ನೀನು ಎದ್ದು ನಿಂತೆ.

"ಅದೆಂಗಾಯ್ತದೆ ಮೇಡಂ? ಬಿಸಿ ಆಗಿರೋ ಇಂಜಿನ್ನಿಗೆ ಇನ್ನೂ ಪೆಟ್ರೋಲ್ ಕೊಡಾದಾ? ನಮ್ ಕಂಪ್ರೆಸರ್ ಬಿಸಿ ಆದ್ರೆ ನಾನು ಡೀಸೆಲ್ ಕಮ್ಮಿ ಮಾಡ್ತೀನಿ."

"ಅದು ಡೀಸೆಲ್ ಬುದ್ಧಿ, ರಾಮಾಂಜಿ. ಇಲ್ಲಿ ಜಾಸ್ತಿ ಕೊಟ್ಟ ಪೆಟ್ರೋಲ್ ಪೂರ್ತಿ ಉರಿಯಲ್ಲ. ಆವಿಯಾಗ್ತಾ ಬಿಸೀನೂ ಜೊತೆಗೆ ಎಳ್ಕೊಂಡು ಹೊರಗೆ ಹೋಗುತ್ತೆ."

"ಅಂದ್ರೆ ಇಂಜಿನ್ ಬೆವರ್ಲಿ ಅಂತ ಪೆಟ್ರೋಲ್ ಕುಡುಸ್ತೀರಾ?"

ಕ್ಲಾಸಿನ ಹುಡುಗರೆಲ್ಲ ನಕ್ಕರು. ಮೇಡಂ ನಗುತ್ತಲೇ, "ಇಷ್ಟು ಚೆನ್ನಾಗಿ ನಾನೂ ಹೇಳಿರಲಿಲ್ಲ" ಅಂದರು. ನೀನು ನಗಲಿಲ್ಲ. ಎಷ್ಟೋ ದಿನ ಅದೇ ಗುಂಗಿನಲ್ಲಿದ್ದೆ, ಊಟಕ್ಕೆ ಕೂತಾಗಲೂ "ಬೆವರ್ತದೆ, ಹೂಂ, ಬೆವರ್ತದೆ" ಎಂದು ನಿನ್ನಷ್ಟಕ್ಕೆ ನೀನೇ ಹೇಳಿಕೊಳ್ಳುತ್ತಿದ್ದೆ. ನಾನು? ಪರೀಕ್ಷೆಗೆ ಬೇಕಲ್ಲ ಎಂದು ಬಾಯಿಪಾಠ ಮಾಡಿದೆ, ಒಪ್ಪಿಸಿದೆ, ಪಾಸಾದೆ. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಲಾರಿಯ ಗಾಜಿಗೆ ಅಂಟಿಸೋಣ ಅಂದವನು ನಾನೇ ಅಲ್ಲವೇ.

ಮೊದಲ ಸಲ ಇಬ್ಬರೇ ಹಾರಿದಾಗ ಯಾರೂ ಮಾತಾಡಿಕೊಳ್ಳದೆಯೇ ಅದು ಆಗಿಹೋಯಿತು. ನಾನು ಎಡಗಡೆ ಕೂತು ಸ್ಟೀರಿಂಗ್ ಹಿಡಿದೆ, ನೀನು ಬಲಗಡೆ ಕೂತು ಮೀಟರಿನ ಕಡೆ ಬಾಗಿದೆ. ಲಾರಿ ನನ್ನದು, ಕಂಪ್ರೆಸರ್ ನಿನ್ನದು. ಬೆಳಿಗ್ಗೆ ಹೊರಡುವ ಮುಂಚೆ ನಾನು ಚಡಪಡಿಸುತ್ತಿದ್ದರೆ ನೀನು "ತಡಿಯೋ, ಎಣ್ಣೆ ಬೆಚ್ಚಗಾಗ್ಲಿ. ತಣ್ಣಗಿರೋ ಎಣ್ಣೇನೂ ಒಳ್ಳೇದಲ್ಲ" ಅನ್ನುತ್ತಿದ್ದೆ. ಮೇಲೆ ಹೋದ ಮೇಲೆ ನಿನ್ನ ಎಡಗೈ ಆ ಕೆಂಪು ನಾಬಿನ ಹತ್ತಿರವೇ ಇರುತ್ತಿತ್ತು. ಯಾವಾಗ ಎಳೆಯುತ್ತಿದ್ದೆ, ಯಾವಾಗ ನೂಕುತ್ತಿದ್ದೆ, ನನಗೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ಇಂಜಿನ್ ಯಾವಾಗಲೂ ಒಂದೇ ಸಮನೆ ಓಡುತ್ತದೆ. ಓಡದೆ ಏನು ಮಾಡುತ್ತದೆ ಅಂದುಕೊಂಡಿದ್ದೆ. ಒಂದು ದಿನ ನಾವು ಇಳಿಯುವುದನ್ನು ನೋಡುತ್ತಿದ್ದ ಮೇಡಂ, "ನೀವಿಬ್ಬರೂ ಸೇರಿದ್ರೆ ಒಬ್ಬ ಒಳ್ಳೆ ಪೈಲಟ್" ಅಂದರು. ನಾನು ಅದನ್ನು ಹೊಗಳಿಕೆ ಅಂದುಕೊಂಡು ಸಂಜೆ ಅಕ್ಕನಿಗೆ ಹೇಳಿದೆ. ಅದು ಬೈಗುಳ ಎಂದು ತಿಳಿಯಲು ನನಗೆ ಎಷ್ಟು ಕಾಲ ಬೇಕಾಯಿತು ನೋಡು.

ಕಲ್ಯಾಣದುರ್ಗದ ಮಾತು ಎತ್ತಿದಾಗಲೆಲ್ಲ ನೀನು ಮುಂದಕ್ಕೆ ಹಾಕುತ್ತಿದ್ದೆ. ನೀನು ಹುಟ್ಟಿದ ಊರು ಅದರ ಪಕ್ಕದ್ದೇ. ಕಡಲೆಕಾಯಿ ಹೊಲ, ಕೆರೆ, ನಿಮ್ಮಪ್ಪನ ಕಾಲದ ಕಲ್ಲುಮನೆ ಎಲ್ಲವನ್ನೂ ಮೇಲಿಂದ ನೋಡಬೇಕೆಂದು ನಿನ್ನ ಮಗಳು ಮಾನಸ ಅಷ್ಟು ಕಾಡುತ್ತಿದ್ದಳು. ನಾನು ಶಿವರಾತ್ರಿ ಕಳೆದ ಮೇಲೆ ಹೋಗೋಣ ಅಂದರೆ, "ಆ ಕಡೆ ಬ್ಯಾಸಗೆ ಗಾಳಿ ಕಾದ ಬಾಂಡ್ಲಿ ಕಣ್ಲಾ. ಈ ಹಳೇ ಇಂಜಿನ್ ತಡೆಯಾಕಿಲ್ಲ. ಚಳಿ ಬರ್ಲಿ, ಕರ್ಕಂಡ್ ಹೋಯ್ತೀನಿ" ಅಂದೆ. ನನಗೆ ನಗು ಬಂದಿತ್ತು. ಇವನಿಗೆ ವಿಮಾನಕ್ಕಿಂತ ಅದರ ಎಣ್ಣೆಯೇ ಹೆಚ್ಚು ಎಂದು ಎಲ್ಲರ ಮುಂದೆ ಆಡಿಕೊಂಡೆ. ನೀನು ಮುದ್ದೆ ಮುರಿಯುತ್ತಾ ಕೂತಿದ್ದೆ.

ಚಳಿಗಾಲ ಬರುವ ಮುಂಚೆಯೇ ನೀನು ಹೋಗಿಬಿಟ್ಟೆ. ಸೋಮಂದೇಪಲ್ಲಿಯ ಹತ್ತಿರ ಬೋರ್ ಕೊರೆಯುತ್ತಿದ್ದಾಗ ನಾನು ಎಂದಿನಂತೆ ನೆರಳಲ್ಲಿದ್ದೆ. ಕಂಪ್ರೆಸರಿನ ಸದ್ದು ನಿಂತಾಗ ನೀರು ಬಿತ್ತು ಅಂದುಕೊಂಡು ಎದ್ದು ಬಂದೆ. ನೀನು ಎದೆ ಹಿಡಿದುಕೊಂಡು ಕೂತಿದ್ದೆ. ಅಂಥಾ ನೋವಿನಲ್ಲೂ ಮೊದಲು ಮೆಷಿನ್ ಆಫ್ ಮಾಡಿ ಆಮೇಲೆ ಕೂತಿದ್ದೀಯಲ್ಲ ಭಾವ... ಲಾರಿ ಬಿಟ್ಟು ಯಾರದೋ ಕಾರಿನಲ್ಲಿ ನಿನ್ನನ್ನು ಹಾಕಿಕೊಂಡು ಹಿಂದೂಪುರಕ್ಕೆ ಓಡಿಸಿದೆ. ಅಷ್ಟು ಜೋರಾಗಿ ನಾನು ಎಂದೂ ಓಡಿಸಿರಲಿಲ್ಲ. ದಾರಿಯಲ್ಲಿ ನೀನು ಏನೋ ಅಂದೆ, ನನಗೆ ಕೇಳಲಿಲ್ಲ.

ನಿನ್ನ ವರ್ಷದ ಪೂಜೆ ಮುಗಿಯಿತು, ಮತ್ತೆ ಬೇಸಿಗೆ ಬಂತು. ಒಂದು ಸಂಜೆ ಮಾನಸ ನನ್ನ ಪಕ್ಕ ಬಂದು ಕೂತು, "ಮಾವ, ಅಪ್ಪ ಕರ್ಕಂಡ್ ಹೋಯ್ತೀನಿ ಅಂದಿದ್ರು. ನೀವು ಕರ್ಕಂಡ್ ಹೋಗ್ತೀರಾ?" ಎಂದು ಕೇಳಿದಳು. ನಿನ್ನಂತೆಯೇ ತಲೆ ಬಗ್ಗಿಸಿಕೊಂಡು ಕೇಳುತ್ತಾಳೆ, ಇಲ್ಲ ಅನ್ನುವುದು ಹೇಗೆ? ಚಳಿಗಾಲದ ತನಕ ಕಾಯೋಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಹಾಗಂದರೆ ನನಗೆ ಧೈರ್ಯ ಇಲ್ಲ ಅಂದುಕೊಂಡಾಳು ಅನಿಸಿತು. ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿದಳು. "ನಿನ್ ಕೈಯಾಗೆ ಕೊಡ್ತಾ ಇದ್ದೀನಿ ಕಣಪ್ಪ" ಅಂದಳು. ಅಷ್ಟೇ ಅಂದದ್ದು.

ಹೊರಟದ್ದು ಒಳ್ಳೆಯ ಬಿಸಿಲಿನ ದಿನ. ನಿನ್ನ ಬಲಗಡೆಯ ಸೀಟಿನಲ್ಲಿ ಮಾನಸ ಕೂತಳು, ನಾನೇ ಅವಳ ಬೆಲ್ಟ್ ಕಟ್ಟಿದೆ. ಹಿಂದೂಪುರ ದಾಟಿತು, ಪೆನುಕೊಂಡದ ಬೆಟ್ಟ ದಾಟಿತು, ಅವಳು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಸಾಕಷ್ಟು ಮೇಲೆ ಹೋದ ಮೇಲೆ ಕೆಂಪು ನಾಬಿನ ನೆನಪಾಯಿತು. ನಾನು ಏನು ಮಾಡಿದೆ ಗೊತ್ತಾ? ನೀನು ಎಳೆದು ಬಿಟ್ಟ ಮೇಲೆ ಅದು ಎರಡು ಬೆರಳಿನಷ್ಟು ಹೊರಗೆ ಇರುತ್ತಿದ್ದದ್ದು ನನ್ನ ಕಣ್ಣಲ್ಲಿತ್ತು. ಅದಕ್ಕೆ ನಾನೂ ಎರಡು ಬೆರಳು ಇಟ್ಟು ಅಳೆದು ಅಲ್ಲಿಗೆ ಎಳೆದೆ. ನೀನು ಮುಳ್ಳು ನೋಡಿ, ಸದ್ದು ಕೇಳಿ, ಅವತ್ತಿನ ಗಾಳಿಗೆ ತಕ್ಕಂತೆ ಎಳೆಯುತ್ತಿದ್ದವನು. ನಾನು ನಾಬಿನ ಜಾಗವನ್ನು ನಕಲು ಹೊಡೆದೆ. ಪಕ್ಕದವನ ಉತ್ತರ ಬರೆದುಕೊಂಡು ಪ್ರಶ್ನೆಯನ್ನೇ ಓದದವನ ಹಾಗೆ.

ಕಲ್ಯಾಣದುರ್ಗ ಕಂಡ ಕೂಡಲೇ ಮಾನಸ "ಮಾವ, ಕೆಳಗೆ, ಕೆಳಗೆ!" ಎಂದು ಕೂಗಿದಳು. ಇಳಿಸಿದೆ. ಇಳಿಯುವಾಗ ನಾಬನ್ನು ಒಳಕ್ಕೆ ನೂಕಬೇಕಿತ್ತು, ಬಾಯಿಪಾಠ ಮಾಡಿದ್ದೆ, ನೆನಪಾಗಲಿಲ್ಲ. ನಿನ್ನ ಊರಿನ ಕೆರೆಯ ಮೇಲೆ ಒಂದು ಸುತ್ತು ಹಾಕಿಸಿ, ಆಮೇಲೆ ಅವಳಿಗೆ ಗುಡ್ಡದ ಸಾಲಿನ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳನ್ನು ತೋರಿಸಲು ಪೂರ್ತಿ ಪವರ್ ಕೊಟ್ಟು ಮೂಗು ಎತ್ತಿದೆ. ಲಾರಿಯನ್ನು ಘಾಟಿಗೆ ಹತ್ತಿಸುವ ಹಾಗೆ. ವಿಮಾನ ನಿಧಾನವಾಗಿ ಏರುತ್ತಿತ್ತು, ಇಂಜಿನ್ ತಣಿಸುವ ಗಾಳಿ ಸಾಲದು, ಪೆಟ್ರೋಲೂ ಸಾಲದು. ನನ್ನ ಕಣ್ಣು ಮೀಟರಿನ ಮೇಲೆ ಬಿದ್ದಾಗ ಎಣ್ಣೆಯ ಮುಳ್ಳು ಹಸಿರು ದಾಟಿ ಕೆಂಪು ಗೆರೆಯ ಪಕ್ಕದಲ್ಲಿತ್ತು.

ಆಗ ನಡೆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಲು ಆಗಿಲ್ಲ, ನಿನಗೆ ಹೇಳುತ್ತೇನೆ. ಮುಳ್ಳು ನೋಡಿದೆ, ನೋಡಿ ಸುಮ್ಮನೆ ಕೂತೆ. ನಿನ್ನ ಕೈ ಬರಲಿ ಎಂದು ಕಾಯುತ್ತಿದ್ದೆ. ನಿಜವಾಗಿ ಕಾಯುತ್ತಿದ್ದೆ ಭಾವ. ಬಲಗಡೆಯಿಂದ ಎಣ್ಣೆ ಕಲೆಯ ಒಂದು ಕೈ ಬಂದು ಏನು ಮಾಡಬೇಕೋ ಮಾಡುತ್ತದೆ ಅಂತ. ಅಲ್ಲಿದ್ದದ್ದು ಮಾನಸಳ ಬಳೆ ತೊಟ್ಟ ಕೈ, ಅದು ಫೋನ್ ಹಿಡಿದು ಫೋಟೋ ತೆಗೆಯುತ್ತಿತ್ತು. ನೀನು ಬರುವುದಿಲ್ಲ ಎಂದು ನಿನ್ನನ್ನು ಸುಟ್ಟ ದಿನ ತಿಳಿದಿರಲಿಲ್ಲವೇ ನನಗೆ? ಅವತ್ತು ಅಲ್ಲ, ಅಲ್ಲಿ ತಿಳಿಯಿತು.

ಆಮೇಲೆ ನನ್ನ ಕೈ ಎದ್ದಿತು. ಎದ್ದು ಏನು ಮಾಡಿತು? ಎಳೆಯಿತು. ಇಪ್ಪತ್ತು ವರ್ಷ ಡೀಸೆಲ್ ಇಂಜಿನ್ನಿನ ಜೊತೆ ಬಾಳಿದ ಕೈ, ಬಿಸಿಯಾಯಿತು ಅಂದರೆ ಡೀಸೆಲ್ ಕಮ್ಮಿ ಮಾಡು ಅನ್ನುವುದೊಂದೇ ಅದಕ್ಕೆ ಗೊತ್ತು. ಮೊದಲೇ ಕಮ್ಮಿಯಿದ್ದ ಪೆಟ್ರೋಲನ್ನು ಇನ್ನೂ ಕಮ್ಮಿ ಮಾಡಿದೆ. ಇಂಜಿನ್ ಕೆಮ್ಮಿತು, ಇಡೀ ವಿಮಾನ ಗಡಗಡ ನಡುಗಿತು. ನಡುಗುತ್ತಿದೆ ಎಂದರೆ ಇನ್ನೂ ಬಿಸಿ ಎಂದುಕೊಂಡು ಇನ್ನೂ ಎಳೆದೆ. ಸದ್ದು ನಿಂತಿತು.

"ಮಾವ!" ಅಂದಳು ಮಾನಸ. ಒಂದೇ ಸಲ. ಕಿರುಚಲಿಲ್ಲ, ಅಳಲಿಲ್ಲ. ನನ್ನ ಮುಖ ನೋಡಿದಳು, ಮಾವನಿಗೆ ಗೊತ್ತಿದೆ ಅನ್ನುವ ನಂಬಿಕೆಯಿಂದ ನೋಡಿದಳು. ಆ ನೋಟ ನನ್ನನ್ನು ಈಗಲೂ ಬಿಟ್ಟಿಲ್ಲ. ಮೂಗು ತಗ್ಗಿಸಿದೆ, ಅದು ನನಗೆ ಬರುತ್ತಿತ್ತು. ರೇಡಿಯೋದಲ್ಲಿ ಇಂಜಿನ್ ಫೇಲ್ ಎಂದು ಕೂಗಿದೆ. ಕೆಳಗೆ ಬರೀ ಕೆಂಪು ಹೊಲ, ಬದುಗಳು, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಎಲ್ಲಿ ಇಳಿಸಲಿ ಎಂದು ಹುಡುಕುತ್ತಾ, ಏನು ಮಾಡಲೂ ತೋಚದೆ, ಎಳೆದದ್ದನ್ನು ಹೇಗಿತ್ತೋ ಹಾಗೆ ಮಾಡೋಣ ಎಂದು ನಾಬನ್ನು ವಾಪಸ್ ನೂಕಿದೆ. ಹೆದರಿಕೆಯಲ್ಲಿ ಪೂರ್ತಿ ಒಳಕ್ಕೆ ಹೋಯಿತು. ವಿಮಾನದ ಮೂಗಿನ ಫ್ಯಾನು ಗಾಳಿಗೆ ಸುತ್ತುತ್ತಲೇ ಇತ್ತಲ್ಲ, ಇಂಜಿನ್ ಒಂದು ಸಲ ಗುಟುರು ಹಾಕಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಮುಳ್ಳು ಕೆಳಗೆ ಬರತೊಡಗಿತು. ಪೆಟ್ರೋಲ್ ಹೆಚ್ಚು ಕೊಟ್ಟರೆ ತಣ್ಣಗಾಗುತ್ತದೆ ಎಂದು ನನ್ನ ಕಣ್ಣಾರೆ ಕಂಡದ್ದು ಅವತ್ತೇ. ನಿನ್ನ ಮಗಳ ಜೀವವನ್ನು ಪಣಕ್ಕಿಟ್ಟು ಕಲಿತ ಪಾಠ ಅದು.

ಕ್ಲಬ್ಬಿನಲ್ಲಿ ಇಳಿದಾಗ ಮೇಡಂ ಓಡಿ ಬಂದರು. ಅವರು ಬಾಯಿ ತೆರೆಯುವ ಮುಂಚೆಯೇ ನಾನು, "ಈ ಕಾರ್ಬುರೇಟರ್ ಸರಿ ಇಲ್ಲ ಮೇಡಂ, ಬಿಚ್ಚಿಸಿ ನೋಡಿ" ಅಂದೆ. ನೀನು ನಿನ್ನ ಜನ್ಮದಲ್ಲಿ ಒಂದು ಮೆಷಿನ್ನಿನ ಮೇಲೆ ತಪ್ಪು ಹೊರಿಸಿದ್ದಿಲ್ಲ. ಮಾನಸ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ನನ್ನನ್ನು ಸಿಕ್ಕಿಹಾಕಿಸಬೇಕು ಎಂದೇನೂ ಇರಲಿಲ್ಲ, ಕಂಡದ್ದನ್ನು ಹೇಳಿದಳು: "ಇಲ್ಲ ಮೇಡಂ, ಮಾವ ಕೆಂಪು ನಾಬ್ ಎಳುದ್ರು, ಆಫ್ ಆಯ್ತು. ನೂಕುದ್ರು, ಆನ್ ಆಯ್ತು." ಮೇಡಂ ನನ್ನನ್ನೇ ನೋಡಿದರು. ಮೆಕ್ಯಾನಿಕ್ ನೋಡಿದ, ಪೆಟ್ರೋಲ್ ತುಂಬುವವನು ನೋಡಿದ, ಯೂನಿಫಾರಂ ಹಾಕಿಕೊಂಡು ನಿಂತಿದ್ದ ಹುಡುಗರೆಲ್ಲ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅಂತಾರಲ್ಲ, ಅದೇ ಆಯಿತು ನನಗೆ.

ಅಕ್ಕನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು, ಹೊಡೆಯಲಿ ಎಂದುಕೊಂಡೇ ಹೋದೆ. ಅವಳು ತಟ್ಟೆ ಇಟ್ಟು ಮುದ್ದೆ ಬಡಿಸಿದಳು, ಸಾರು ಬಿಟ್ಟಳು. ನಾನು ಮುಟ್ಟಲಿಲ್ಲ. ಆಮೇಲೆ ಕೇಳಿದಳು.

"ನಿಮ್ ಬಾವ ಇದ್ದಾಗ ಅಷ್ಟೊಂದು ಸಲ ಹೋಗಿದ್ದೀಯಲ್ಲೋ. ಆಗೆಲ್ಲ ಇಂಜಿನ್ನು ಯಾರು ನೋಡ್ಕಂತಿದ್ರು?"

"ಬಾವಾನೇ."

"ನೀನು?"

"ಸ್ಟೀರಿಂಗ್ ಹಿಡ್ಕಂಡಿದ್ದೆ."

ಅಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು. "ಅವ್ರಿಗೆ ಗೊತ್ತಿದ್ದಿದ್ದೆಲ್ಲ ನಿಂಗೂ ಗೊತ್ತು ಅನ್ಕಂಡಿದ್ದೆ ಕಣೋ. ಅವ್ರು ಹೋದ್ರೂ ಅದೊಂದು ಉಳ್ಕಂಡೈತೆ, ನನ್ ತಮ್ಮ ಗಂಗಾಧರನ ಹತ್ರ ಐತೆ, ಅನ್ಕಂಡಿದ್ದೆ" ಅಂದಳು. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳದೆ, ನನ್ನನ್ನು ನೋಡದೆ, ಗೋಡೆಯ ಮೇಲಿನ ನಿನ್ನನ್ನು ನೋಡುತ್ತಾ ಹೇಳಿದಳು. ನಮ್ಮಮ್ಮ ಸತ್ತ ಮೇಲೆ ನನಗೆ ಎಣ್ಣೆ ಹಚ್ಚಿ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳು. ಇಂಥವಳು ಇದ್ದ ಒಬ್ಬ ಮಗಳನ್ನು ನನ್ನ ಕೈಗೆ ಕೊಟ್ಟಳು... ಅವತ್ತಿನಿಂದ ಆ ಮನೆಯ ಹೊಸ್ತಿಲು ದಾಟಲಿಲ್ಲ ನಾನು. ಬೋರ್ ಕೆಲಸದ ಮಾತಿದ್ದರೂ ಬಾಗಿಲಲ್ಲೇ ನಿಂತು ಹೇಳಿ ಬರುತ್ತಿದ್ದೆ.

ಒಂದು ದಿನ ಹಾಗೆ ಬಾಗಿಲಲ್ಲಿ ನಿಂತಿದ್ದಾಗ ಒಳಗೆ ತಾಯಿ ಮಗಳ ಜಗಳ ಕೇಳಿಸಿತು. ಮಾನಸ ಅಷ್ಟೆಲ್ಲ ಆದ ಮೇಲೂ ವಿಮಾನ ಕಲಿಯುತ್ತೇನೆ ಎಂದು ಹಠ ಹಿಡಿದಿದ್ದಳು. ಅಕ್ಕ ನನ್ನನ್ನು ಕಂಡು ಹೊರಗೆ ಬಂದಳು. "ನೀನು ಹೇಳು. ಕಳಿಸ್ಲಾ, ಬ್ಯಾಡ್ವಾ?" ಅಂದಳು. ನನ್ನನ್ನು ಕೇಳುತ್ತಿದ್ದಾಳೆ! ನಾನು ಅಂದೆ, "ಅಕ್ಕ, ನಂಗೆ ಹೇಳೋ ಯೋಗ್ಯತೆ ಇಲ್ಲ." ಅವಳಿಗೆ ಸಿಟ್ಟು ಬಂದುಬಿಟ್ಟಿತು. "ಯೋಗ್ಯತೆ ಇಲ್ದಿದ್ರೆ ಸಂಪಾದಿಸ್ಕಂಡು ಬಾ. ಬಾಗಿಲಾಗೆ ನಿಂತ್ಕಂಡ್ರೆ ಬಂದ್ಬುಡ್ತದಾ? ನೀನು ಕಲ್ತು ಬಂದು ಹೇಳೋಗಂಟ ಇವ್ಳನ್ನ ಕಳ್ಸಾಕಿಲ್ಲ." ಆಯಿತಲ್ಲ ಭಾವ, ಮಗಳ ಕನಸನ್ನು ತಂದು ನನ್ನ ಕೊರಳಿಗೆ ಕಟ್ಟಿದಳು.

ಮತ್ತೆ ಕ್ಲಬ್ಬಿನ ಗೇಟು ಹೊಕ್ಕಾಗ ಮೇಡಂ ಒಂದೇ ಷರತ್ತು ಹಾಕಿದರು: ತಾವು ಹೇಳುವ ತನಕ ನಾನು ಸ್ಟೀರಿಂಗ್ ಮುಟ್ಟಬಾರದು. ಅವರು ಎಡಗಡೆ ಕೂತು ಹಾರಿಸುತ್ತಾರೆ, ನಾನು ಬಲಗಡೆ ಕೂತು ಎಣ್ಣೆಯ ಮುಳ್ಳು ಮತ್ತು ಕೆಂಪು ನಾಬು ನೋಡಿಕೊಳ್ಳಬೇಕು. ನಿನ್ನ ಜಾಗ. ಮೊದಲ ದಿನ ಆ ಸೀಟಿನ ಧೂಳು ಒರೆಸಿ ಕೂತೆ. ಸ್ವಲ್ಪ ಎಳೆ, ಸದ್ದು ಒರಟಾಯಿತೇ, ಸ್ವಲ್ಪ ನೂಕು, ಮುಳ್ಳು ನೋಡು. ಬಿಸಿಲು ಏರಿತು, ಮತ್ತೆ ನೋಡು. ಮೋಡದ ನೆರಳು ಬಂತು, ಮತ್ತೆ ನೋಡು. ಮೂಗು ಏರಿತು, ನೂಕು. ಇಳಿಯುತ್ತಿದ್ದ ಹಾಗೆ ಇನ್ನಷ್ಟು ನೂಕು. ಇಳಿದ ಮೇಲೆ ಬೆನ್ನೆಲ್ಲ ಬೆವರು. ಮೇಡಂ ಹೆಲ್ಮೆಟ್ಟಿನಂಥಾ ಆ ಹೆಡ್‌ಫೋನ್ ತೆಗೆಯುತ್ತಾ, "ಇವತ್ತು ಲೇಪಾಕ್ಷಿ ಕಡೆ ಹೋಗಿದ್ವಲ್ಲ, ಕೆರೆ ತುಂಬಿತ್ತು, ನೋಡಿದ್ರಾ?" ಎಂದು ಕೇಳಿದರು.

ನಾನು ಏನನ್ನೂ ನೋಡಿರಲಿಲ್ಲ. ಒಂದು ಸಲ ಕೂಡ ತಲೆ ಎತ್ತಿರಲಿಲ್ಲ. ಅಲ್ಲೇ ರೆಕ್ಕೆಯ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ ಭಾವ. ಅಷ್ಟು ವರ್ಷ, ಅಷ್ಟು ಸಲ, ನಾನು "ಆ ಕಡೆ ನೋಡು, ಕೋಟೆ! ಈ ಕಡೆ ನೋಡು, ರೈಲು!" ಎಂದು ಕುಣಿಯುತ್ತಿದ್ದೆ. ನೀನು ಪ್ರತಿ ಸಲ "ನೋಡ್ದೆ, ನೋಡ್ದೆ" ಅನ್ನುತ್ತಿದ್ದೆ. ನೀನು ಎಲ್ಲಿ ನೋಡಿದೆ? ಹಾರಲು ಹೋಗಿ ಹೊರಗೇ ನೋಡಲಿಲ್ಲ ನೀನು. ನಾನು ನೋಡಲಿ ಅಂತ ನೀನು ನೋಡಲಿಲ್ಲ. ಅದೂ ಗೊತ್ತಾಗಲಿಲ್ಲವಲ್ಲ ನನಗೆ, ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದೆನಲ್ಲ. ಇಂಜಿನ್ ನಿಲ್ಲಿಸಿದ ನಾಚಿಕೆಗಿಂತ ಈ ನಾಚಿಕೆ ದೊಡ್ಡದು. ಅದನ್ನು ಟೀ ಅಂಗಡಿಯಲ್ಲಿ ನಗುವವರು ನನಗೆ ಕೊಟ್ಟರು, ಇದನ್ನು ನಾನೇ ಹುಡುಕಿಕೊಂಡೆ. ಯಾಕೆ ಒಂದು ಸಲವಾದರೂ "ಲೋ, ಇವತ್ತು ನೀನು ಮುಳ್ಳು ನೋಡು, ನಾನು ಊರು ನೋಡ್ತೀನಿ" ಅನ್ನಲಿಲ್ಲ? ಅಂದಿದ್ದರೆ ನಾನು...

ಬೇಡ. ನಾನು ಒಪ್ಪುತ್ತಿರಲಿಲ್ಲ ಎಂದು ನಿನಗೆ ಗೊತ್ತಿತ್ತು.

ಮೇಡಂ ಕೊನೆಗೆ ಸ್ಟೀರಿಂಗ್ ಕೊಟ್ಟರು. ಎರಡೂ ಕೆಲಸ ಒಬ್ಬನೇ ಮಾಡುವುದನ್ನು ಮೊದಲಿಂದ ಕಲಿತೆ, ಮಾನಸಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು. ತಪ್ಪಿದಾಗ ಅವರು ನಕ್ಕರು, ನಗಲಿ. ಮೇಡಂ ಇನ್ನು ಸರಿ ಎಂದ ದಿನ ಅಕ್ಕನ ಮನೆಯ ಒಳಗೆ ಹೋಗಿ ಕೂತೆ. "ಕಳ್ಸು ಅಕ್ಕ" ಅಂದೆ. "ಆದ್ರೆ ನನ್ ಜೊತೆ ಅಲ್ಲ. ಮೇಡಂ ಹತ್ರ. ಸ್ಟೀರಿಂಗೂ ಅವ್ಳೇ ಹಿಡೀಲಿ, ಇಂಜಿನ್ನೂ ಅವ್ಳೇ ನೋಡ್ಕಳ್ಳಿ. ಯಾರ ಕೈಗೂ ಕಾಯೋ ಹಂಗೆ ಮಾಡ್ಬ್ಯಾಡ." ಅಕ್ಕ ಹೂಂ ಅಂದಳು.

ಇನ್ನು ನಿನಗೆ ತಿಳಿಯದ ಸುದ್ದಿ. ಕಳೆದ ವಾರ ನಿನ್ನ ಮಗಳು ಒಬ್ಬಳೇ ಕಲ್ಯಾಣದುರ್ಗದ ತನಕ ಹಾರಿ ವಾಪಸ್ ಬಂದಳು. ಒಬ್ಬಳೇ, ಪಕ್ಕದ ಸೀಟು ಖಾಲಿ. ನಾನು ಮತ್ತು ಅಕ್ಕ ಮುಂಚಿನ ದಿನವೇ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜೀಪು ಹಿಡಿದು ನಿನ್ನ ಊರು ಸೇರಿದ್ದೆವು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತೆವು. ಅಕ್ಕ ನನ್ನ ತೋಳು ಹಿಡಿದ ಹಿಡಿತಕ್ಕೆ ರಕ್ತ ನಿಂತುಹೋಗಿತ್ತು. ದಕ್ಷಿಣದಿಂದ ಸದ್ದು ಬಂತು, ಆಮೇಲೆ ಬಿಳಿ ಚುಕ್ಕೆ ಬಂತು. ಅಷ್ಟು ಎತ್ತರದ ಸದ್ದು ಕೇಳಿ ನಾಬ್ ಎಲ್ಲಿದೆ ಎಂದು ಹೇಳಲು ನಾನೇನು ನೀನಲ್ಲ. ಆದರೆ ಸದ್ದು ಎಲ್ಲೂ ತೊದಲಲಿಲ್ಲ. ತಿರುಗುವಾಗ ಒಂದೇ ಸಮ, ಏರುವಾಗ ಒಂದೇ ಸಮ. ಕಡಲೆಕಾಯಿ ಕೀಳುತ್ತಿದ್ದ ಹೆಂಗಸೊಬ್ಬಳು ಹಣೆಗೆ ಕೈ ಇಟ್ಟು ನೋಡುತ್ತಾ, "ಎವುರಮ್ಮಾ ನಡುಪುತಾಂಡೇದಿ?" ಎಂದು ಕೇಳಿದಳು, ಓಡಿಸುತ್ತಿರುವುದು ಯಾರು ಅಂತ. "ಮಾ ಕೂತುರು" ಅಂದಳು ಅಕ್ಕ, ನಮ್ಮ ಮಗಳು. ಅಂದು, ನಿನ್ನ ಹೆಸರನ್ನೂ ಹೇಳಿದಳು. ಆ ಹೆಂಗಸಿಗೆ ನೀನು ನೆನಪಿದ್ದೆ.

ಸದ್ದು ಪೂರ್ತಿ ಅಡಗಿದ ಮೇಲೂ ಅಕ್ಕ ಆಕಾಶ ನೋಡುತ್ತಲೇ ಇದ್ದಳು. ನನ್ನ ತೋಳು ಬಿಟ್ಟಿರಲಿಲ್ಲ. ನಾನು ಹೋಗೋಣ ಅಂದೆ. ಅವಳು ಕದಲಲಿಲ್ಲ.

"ಗಂಗಾಧರ, ನನ್ನೂ ಒಂದಿನ ಕರ್ಕಂಡ್ ಹೋಗ್ತೀಯಾ?"

"ಮಾನಸ ಲೈಸೆನ್ಸ್ ತಗಳ್ಳಿ ಅಕ್ಕ, ಅವ್ಳೇ ಕರ್ಕಂಡ್ ಹೋಯ್ತಾಳೆ."

"ಅವ್ಳಲ್ಲ ಕಣೋ. ನೀನು."

ನಾನು ಬೇರೆ ಕಡೆ ತಿರುಗಿಕೊಂಡೆ ಭಾವ. ನಾಚಿಕೆ ಹೋಯಿತು ಎಂದು ತಿಳಿಯಬೇಡ, ಹೋಗಿಲ್ಲ. ಮೇಡಂ ವಿಮಾನ ಕೊಟ್ಟಿದ್ದಾರೆ, ನಾಳೆ ಬೆಳಿಗ್ಗೆ ಅಕ್ಕ ನನ್ನ ಪಕ್ಕ ಕೂರುತ್ತಾಳೆ. ಅವಳಿಗೆ ಮೀಟರು ಯಾವುದು, ನಾಬು ಯಾವುದು, ಒಂದನ್ನೂ ತೋರಿಸುವುದಿಲ್ಲ. ಅವಳು ಹೊರಗೆ ನೋಡಲಿ.

ನಿನ್ನ,
ಗಂಗಾಧರ